ದನಿ ಸಾಯುವ ದಿಕ್ಕು

ಆರು ತಿಂಗಳಿಂದ ಮಾರ್ಸೆಲನ ರೇಡಿಯೋದಲ್ಲಿ
ಬರೀ ಗೊರ್ರ್. ಬಂಗುಡೆ ಹುರಿಯುವ ಸದ್ದು,
ಹೊತ್ತಿಗೆ ಸರಿಯಾಗಿ, ಸಂಜೆ ಏಳಕ್ಕೆ.
ಗಂಗೊಳ್ಳಿಯ ಭುಜಂಗ ಖಾರ್ವಿ ಅದರೊಳಗೆಲ್ಲೋ ಮುಳುಗಿ
'ಕೇಳಿಸ್ತಾ, ಕೇಳಿಸ್ತಾ' ಅನ್ನುತ್ತಿದ್ದ.

ಮೆಸ್ಕಾಂಗೆ ಎರಡು ಅರ್ಜಿ ಬರೆದ.
ಪಕ್ಕದ ವಾರಿಜಕ್ಕನ ಗ್ರೈಂಡರಿನ ಮೇಲೆ ಗುಮಾನಿ,
ಹಮ್ಮಬ್ಬರ ಬೇಕರಿ ಬೋರ್ಡಿನ ಮೇಲೆ ಇನ್ನೂ.
ಕುಲಶೇಖರದ ಗಲ್ಲಿಗಳಲ್ಲಿ
ಸಣ್ಣ ಟ್ರಾನ್ಸಿಸ್ಟರ್ ಎದೆಗವಚಿ ನಡೆದ,
ತಿರುಗಿಸುತ್ತ, ನಿಲ್ಲುತ್ತ. ನಾಯಿಗಳೂ ಬೊಗಳುವುದು ಬಿಟ್ಟವು.
'ಜೋರಾದ ಕಡೆ ನೋಡಬಾರದು, ಸೆವ್ರಿನ್.
ತಿರುಗಿಸುವಾಗ ದನಿ ಎಲ್ಲಿ ಸಾಯುತ್ತದೋ
ಪೆಟ್ಟಿಗೆಯ ಮೂತಿ ಆಗ ಯಾವ ಕಡೆಗೋ,
ಕಳ್ಳ ಅಲ್ಲಿ.'

ಆ ಮೂತಿ ಸುತ್ತಿ ಸುತ್ತಿ ನಮ್ಮ ಮೆಟ್ಟಿಲಿಗೇ ಬಂತು.
ನಾನೇ ಹೋಗಿ ಮೇನ್ ಇಳಿಸಿದೆ.
ಕತ್ತಲೆ. ಬ್ಯಾಟರಿಯ ರೇಡಿಯೋದಲ್ಲಿ
ಈಗಷ್ಟೇ ತೊಳೆದ ಬಸಳೆಯ ಹಾಗೆ
ಭುಜಂಗನ ಕೆಮ್ಮು.

ಆಮೇಲೆ ಒಂದೊಂದೇ ಫ್ಯೂಸ್ ಹಾಕುತ್ತ ಹೋದೆವು.
ಕೊನೆಗೆ ಆಲ್ತಾರಿನ ಕೆಳಗೆ,
ಹಂಪನಕಟ್ಟೆಯಲ್ಲಿ ನೂರಿಪ್ಪತ್ತಕ್ಕೆ ನಾನೇ ಕೊಂಡ ಮಿಣುಕು ದೀಪ.
ಅದರ ಅಡಾಪ್ಟರ್ ಉಗುರುಬೆಚ್ಚಗಿತ್ತು.
ದಿನವೂ ಏಳಕ್ಕೆ, ತೇರ್ಸಿನ ಹೊತ್ತಿಗೆ,
ಹಚ್ಚುತ್ತಿದ್ದವಳು ನಾನು.

ಬಿಸಾಡು ಅಂದೆ. ಅವನು ಬಿಸಾಡಲಿಲ್ಲ.
ಕರಿ ಫೆರೈಟ್ ಉಂಗುರಕ್ಕೆ ಅದರ ವಯರನ್ನು
ಏಳು ಸುತ್ತು ಸುತ್ತಿದ, ತುಟಿ ಅಲ್ಲಾಡಿಸುತ್ತ, ಎಣಿಸುತ್ತ,
ತೇರ್ಸಿಗೆ ಒಂದು ದಿನವೂ ಕೂರದವನು.

ಕಿವಿಗೊಟ್ಟರೆ ಈಗಲೂ ಸ್ವಲ್ಪ ಗೊರ್ರ್ ಇದೆ.
ವಾರಿಜಕ್ಕನಿಗೆ ಅರ್ಧ ಕಿಲೋ ಬಂಗುಡೆ ಕೊಟ್ಟು ಬಂದೆ,
ಯಾಕೆಂದು ಹೇಳಲಿಲ್ಲ.