ಮಳೆಗಾಲದ ಜಮೆ

ಪಿಗ್ಮಿ ಮೆಷಿನು ಹೆಗಲಿಗೆ ಹಾಕಿ
ಮೂರೂವರೆಗೆ ಹಂಪನಕಟ್ಟೆಯಿಂದ ಹೊರಟರೆ
ನನ್ನ ಕೊನೆಯ ಗಿರಾಕಿ ಐತಪ್ಪ.
ಹಳೇ ಕಟ್ಟಡದ ಮೆಟ್ಟಿಲ ಬುಡದಲ್ಲಿ, ತಗಡಿನ ಮಾಡಿನಡಿ
ಕೊಡೆ, ಚೈನು, ಬ್ಯಾಗಿನ ಜಿಪ್ಪು.
ಹನ್ನೊಂದು ವರ್ಷದಿಂದ ನಾನು ಅವನೆದುರು ಕೈಚಾಚುವವಳು,
ಅವನು ಹಲ್ಲಲ್ಲಿ ನೂಲು ಕಚ್ಚಿಕೊಂಡೇ
ಮೊಣಕಾಲಡಿಯಿಂದ ನೋಟು ತೆಗೆಯುವವನು.

ಬೇಸಿಗೆಯಲ್ಲಿ ಹತ್ತು. ಕೆಲವು ದಿನ
"ನಾಳೆ ಬನ್ನಿ ಅಕ್ಕ, ಇವತ್ತು ಬಿಸಿಲು,"
ಬಿಸಿಲಿಗೆ ನಾನೇ ಜವಾಬ್ದಾರಿ ಎಂಬ ಹಾಗೆ.
ಜೂನ್ ಬಂತೆಂದರೆ ಐವತ್ತು,
ಗಾಳಿ ಜೋರಿದ್ದರೆ ನೂರು.
ಊರಿಡೀ ಬೈಯುವ ಗಾಳಿ
ಆ ಮಗುವಿನ ಖಾತೆಗೆ ಜಮೆ.

ಚೀಟಿಗಳನ್ನೆಲ್ಲ ಬಿಸ್ಕಿಟಿನ ಡಬ್ಬಿಯಲ್ಲಿ ಇಟ್ಟಿದ್ದಾನೆ.
ಆರು ತಿಂಗಳಿಗೆ ಅಕ್ಷರ ಮಾಸಿ ಹೋಗುತ್ತದೆಂದು
ನಾನು ಹೇಳಲಿಲ್ಲ. ಅವನಿಗೆ ಗೊತ್ತು.
ಬರೀ ಬಿಳಿ ಕಾಗದವನ್ನು ವರ್ಷವಾರು ಕಟ್ಟಿ
ಕೊಡೆಯ ಪಟ್ಟಿ ಬಿಗಿದಿದ್ದಾನೆ.

ಪಿಯುಸಿ ಮುಗಿದ ಮೇಲೆ ನಿಶ್ಮಿತಾ
ಸಂಜೆ ಅಲ್ಲೇ ಕೂರುತ್ತಾಳೆ,
ಮೀನಿನ ಕ್ರೇಟೊಂದನ್ನು ಕವುಚಿ ಹಾಕಿ.
ಮಡಿಲಲ್ಲಿ ನೋಟ್‌ಬುಕ್ಕಿನ ಹಿಂದಿನ ಪುಟ:
ಕಾಲೇಜು, ಫೀಸು, ಬಸ್ಸಿನ ಪಾಸು,
ಮೆಸ್ಸು ಬೇಡ, ಅದರಡಿ ಎರಡು ಗೆರೆ,
ವಿದ್ಯಾರ್ಥಿವೇತನ ಬಂದರೆ.
ಆ "ಬಂದರೆ" ಮಾತ್ರ ಪೆನ್ಸಿಲಿನಲ್ಲಿ.

ತಾಲೂಕು ಆಫೀಸಿನಲ್ಲಿ ಆದಾಯ ಕೇಳಿದರಂತೆ.
"ಮಳೆ ಎಷ್ಟು ಬರ್ತದೋ ಅಷ್ಟು" ಅಂದನಂತೆ ಇವನು.
ಕಂಪ್ಯೂಟರಿನ ಹುಡುಗ ನಗಲಿಲ್ಲ,
"ಅಂದಾಜು ಹೇಳಿ ಮಾರಾಯ್ರೇ" ಎಂದು
ತಾನೇ ಒಂದು ಅಂಕಿ ಒತ್ತಿಕೊಂಡನಂತೆ.

ನನ್ನ ಮೆಷಿನಿನಲ್ಲಿ ಅಂದಾಜಿಲ್ಲ.
ನಡುವೆ ಎರಡು ಸಲ ತೆಗೆದದ್ದು ಕಳೆದು,
ಒಮ್ಮೆ ಹುಡುಗಿಯ ಅಮ್ಮನ ಆಪರೇಶನ್ನಿಗೆ,
ಇನ್ನೊಮ್ಮೆ ಯಾಕೆಂದು ನಾನು ಕೇಳದ್ದಕ್ಕೆ,
ಮೂವತ್ತೆಂಟು ಸಾವಿರದ ನಾನೂರ ಅರುವತ್ತು.
ಅವಳು ಅದನ್ನು ಪುಟದ ಮೂಲೆಯಲ್ಲಿ ಬರೆದು
ಸುತ್ತ ಚೌಕ ಎಳೆದಳು,
ಸಣ್ಣ ಜಾಗಕ್ಕೆ ಬೇಲಿ ಹಾಕಿದ ಹಾಗೆ.

ಪಟ್ಟಿ ನೋಡಿದೆ.
ದಿನಕ್ಕೆ ನಲವತ್ತು ಅಂಗಡಿಯ ದುಡ್ಡು ಎಣಿಸುವವಳಿಗೆ
ಅಷ್ಟೂ ತಿಳಿಯದೇ? ಇದು ಇಷ್ಟದ ಕ್ರಮ ಅಲ್ಲ,
ಫೀಸಿನ ಕ್ರಮ.
ಮೇಲೆ, ನಡೆದೇ ಹೋಗಬಹುದಾದ ಬಿಕಾಂ.
ಕೆಳಗೆ, ಇನ್ನೂ ಕೆಳಗೆ, ಹಾಳೆ ಹರಿದಲ್ಲಿ
ಎಂತದೋ ಕಿವಿಯ ಕೋರ್ಸು, ನಾಲ್ಕು ವರ್ಷ.
"ಎಲ್ಲ ಪುಕ್ಕಟೆ ಅಂತ ಆದ್ರೆ ಯಾವುದು ಮೊದಲು?"
ಸ್ಟೇಟ್‌ಬ್ಯಾಂಕಿನ ಬಸ್ಸೊಂದು ಉದ್ದಕ್ಕೆ ಹಾರ್ನ್ ಹೊಡೆಯಿತು.
ಅವಳಂದದ್ದು ಕೇಳಲಿಲ್ಲ.
ಬೆರಳು ಮಾತ್ರ ಹರಿದಲ್ಲಿತ್ತು.

ಐತಪ್ಪ ನೂಲು ಉಗಿದ.
ಗಾಳಿಗೆ ಮಗುಚಿ ಬಟ್ಟಲಾದ ಕೊಡೆ ಅವನ ಕೈಯಲ್ಲಿ.
ಅದನ್ನು ಚಟಕ್ಕನೆ ಸರಿಮಾಡಿ
"ಪಟ್ಟಿ ಮಗುಚಿ ಬರಿ" ಎಂದ.
"ಲೆಕ್ಕ, ಅಪ್ಪ?"
"ಲೆಕ್ಕ ಅಕ್ಕನದ್ದು."

ನನ್ನದಂತೆ!
ಸಾಲಕ್ಕೆ ಜಾಮೀನು ಯಾರು, ಬಡ್ಡಿ ಯಾವತ್ತಿಂದ,
ಮೊದಲ ವರ್ಷ ಹೇಗೋ ದಾಟೀತು, ಆಮೇಲೆ?
ಆ ರಾತ್ರಿ ಕೂತು ಹಾಕಿದ್ದು ಬೇರೆಯೇ ಲೆಕ್ಕ.
ನೂರಕ್ಕೆ ಮೂರು ನನ್ನ ಕಮಿಷನ್.
ಹನ್ನೊಂದು ವರ್ಷ ಆ ಮಗುವಿನ ಓದಿನಿಂದ
ನಾನು ಉಂಡದ್ದೆಷ್ಟು?
ಬಂದ ಮೊತ್ತ ಯಾರಿಗೂ ಹೇಳಲಿಲ್ಲ.
ಒಂದು ಹಾಸಿಗೆ, ಒಂದು ಬಕೆಟ್ಟು ಬರುತ್ತಿತ್ತು.

ಶನಿವಾರ ಖಾತೆ ಮುಚ್ಚಿದೆವು.
ಅವಳ ಸಹಿ ಇನ್ನೂ ಹೊಸತು,
ಗೆರೆ ದಾಟಿ ಹೋಯಿತು.

ಸೋಮವಾರ ಕಾಲು ಅಭ್ಯಾಸದಲ್ಲೇ ಅತ್ತ ನಡೆಯಿತು.
ಐವತ್ತರ ನೋಟು ಆಗಲೇ ಮೊಣಕಾಲ ಮೇಲೆ.
"ಹೊಸದು ಮಾಡಿ."
"ಯಾರ ಹೆಸರಿಗೆ?"
"ಎರಡನೇ ವರ್ಷದ ಹೆಸರಿಗೆ"
ಎಂದ, ಸೂಜಿಯಿಂದ ಕಣ್ಣೆತ್ತದೆ.

ಮೆಷಿನು ಅಂಥ ಹೆಸರು ತೆಗೆದುಕೊಳ್ಳುವುದಿಲ್ಲ.
ನಿಶ್ಮಿತಾ ಎಂದೇ ಒತ್ತಿ ಚೀಟಿ ಹರಿದು ಕೊಟ್ಟೆ.
ಕೊಡೆ ಬಿಡಿಸಲು ಹೋದೆ.
ಮಳೆ ನಿಂತಿತ್ತು.
ಹಾಳಾದ್ದು, ಇವತ್ತೇ ನಿಲ್ಲಬೇಕಾ.