ಎಡಕ್ಕೆ ತಿರುಗಿದಾಗ ಮಾತ್ರ

ಮೊದಲು ಜೇನಿನ ಮೇಲೇ ಅನುಮಾನ ಬಂತು.
ಹಿಂದಿನ ಸೀಟು ಕಿತ್ತು ಆರು ಪೆಟ್ಟಿಗೆ ಹೇರಿಕೊಂಡು
ಓನಿ ಪೇಟೆ ದಾಟಿ ಚೆಸ್ಟ್‌ನಟ್ ಕಾಡಿಗೆ ಹೊರಟಿದ್ದೆ.
ಗುಂಯ್‌ಗುಡುವುದು ಅವುಗಳ ಕಸುಬು, ನಿಜ.
ಇದು ಗುಂಯ್ ಅಲ್ಲ.
ಕಾಳಿಲ್ಲದ ಬೀಸುಕಲ್ಲನ್ನು ಯಾರೋ
ನಿದ್ದೆಗಣ್ಣಲ್ಲಿ ಒಂದು ಸುತ್ತು ತಿರುವಿದ ಹಾಗೆ
ಗರ್ರ್.
ಆಮೇಲೆ ಏನೂ ಇಲ್ಲ.
ಏನೂ ಇಲ್ಲವಲ್ಲ ಎಂದುಕೊಳ್ಳುವಷ್ಟರಲ್ಲಿ
ಗರ್ರ್.

ಈ ನಿವಾ ನನಗಿಂತ ಎರಡು ವರ್ಷ ಚಿಕ್ಕದು.
ಚಿಕ್ಕಪ್ಪ ಕೊಂಡಾಗ ಬಿಳಿ;
ಈಗಿನ ಬಣ್ಣ ಯಾವುದೆಂದು
ನೋಂದಣಿ ಪುಸ್ತಕವನ್ನೂ ಕೇಳುವ ಹಾಗಿಲ್ಲ.
ಇದರಲ್ಲಿ ಸದ್ದು ಮಾಡದ ಭಾಗ ಹಾರ್ನ್ ಒಂದೇ.

ಸದ್ದು ಸುದ್ದಿಯಾಗಲು ಒಂದು ಬೆಳಗು ಸಾಕಾಯಿತು.
ಬ್ರೆಡ್ಡು ಸುಡುವ ನೋದರ್ ಒಲೆಯ ಬಾಯಿಂದಲೇ ಕೂಗಿದ:
ಡಿಫರೆನ್ಷಿಯಲ್! ಸಂಶಯವೇ ಬೇಡ,
ಹೀಗೇ ಆಗಿ ನಮ್ಮಣ್ಣ ಗಾಡಿ ಮಾರಿ ಕತ್ತೆ ಕೊಂಡ.
ಲೆಕ್ಕದ ಮೇಡಂ ಪಿಕ್ರಿಯಾ ಗೇರ್‌ಬಾಕ್ಸ್ ಎಂದರು,
ಎಣ್ಣೆ ಬದಲಿಸಿ ಎಷ್ಟು ವರ್ಷವಾಯಿತೆಂದು ಕೇಳಿ
ನನ್ನನ್ನು ಮತ್ತೆ ಐದನೇ ಕ್ಲಾಸಿಗೆ ಇಳಿಸಿದರು.
ಪಾದ್ರಿ ಬಾನೆಟ್ಟಿನ ಮೇಲೆ ಶಿಲುಬೆಯ ಗುರುತೆಳೆದು
ಸಾವಿನ ಮನೆಯ ದನಿಯಲ್ಲಿ, ಮೆಲ್ಲಗೆ,
ಟ್ರಾನ್ಸ್‌ಫರ್ ಕೇಸ್ ಎಂದರು.
ಅತ್ತೆ ಮಾತ್ರ ಮುಂದಿನ ಸೀಟಿನಲ್ಲಿ
ಚೀಸಿನ ಗಂಟು ತಬ್ಬಿಕೊಂಡು:
‘ಅದು ಮೊದಲಿಂದಲೂ ಇತ್ತು.
ನಿನಗೆ ಈಗ ಕೇಳಿಸಿದೆ.’

ಕೊನೆಗೆ ಜುಂಬೆರ್.
ಚಿಯಾತುರಾದ ಗಣಿಯಲ್ಲಿ ಲಾರಿಗಳ ಕೆಳಗೆ ಮಲಗಿ ಮಲಗಿ
ಎಡಗಿವಿ ಪೂರ್ತಿ, ಬಲಗಿವಿ ಮುಕ್ಕಾಲು ಕಳಕೊಂಡವನು.
‘ಕಿವುಡನ ಹತ್ತಿರ ಸದ್ದು ತಂದಿದ್ದೀಯಲ್ಲ’ ಎಂದು ನಕ್ಕು
ಪ್ರಶ್ನೆ ಕೇಳಲು ಕೂತ.
ಊರಲ್ಲಿ ಯಾರೂ ಪ್ರಶ್ನೆ ಕೇಳಿರಲಿಲ್ಲ.

ವೇಗ ಏರಿದರೆ ಏರುತ್ತದೋ? ಏರುತ್ತದೆ.
ಕ್ಲಚ್ ಒತ್ತಿದರೆ? ಹಾಗೇ.
ನ್ಯೂಟ್ರಲ್ಲಿಗೆ ಹಾಕಿ ಇಳಿಜಾರಲ್ಲಿ ಬಿಟ್ಟರೆ? ಹಾಗೇ.
ಬ್ರೇಕ್ ಮುಟ್ಟಿದರೆ? ಒಮ್ಮೆ ನಿಲ್ಲುತ್ತದೆ, ಒಮ್ಮೆ ಇಲ್ಲ.
ಯಾವ ಕಡೆಯ ತಿರುವಿನಲ್ಲಿ?

ಬಾಯಿ ತೆರೆದೆ, ಉತ್ತರ ಬರಲಿಲ್ಲ.
ಹದಿನೆಂಟು ವರ್ಷ ಓಡಿಸಿದ ದಾರಿ,
ಯಾವ ತಿರುವಲ್ಲಿ ಯಾರ ನಾಯಿ ಅಟ್ಟಿಸಿಕೊಂಡು ಬರುತ್ತದೆಂದು ಗೊತ್ತು.
ಇದು ಗೊತ್ತಿಲ್ಲ.

ಹೊರಟೆವು. ಅವನು ಪಕ್ಕದಲ್ಲಿ,
ಉದ್ದನೆಯ ಸ್ಕ್ರೂಡ್ರೈವರಿನ ಮರದ ಹಿಡಿ ಹಲ್ಲಲ್ಲಿ ಕಚ್ಚಿ
ತುದಿಯನ್ನು ಕಾಲಡಿಯ ತಗಡಿಗೆ ಊರಿ.
ಒಂದು ಗುಂಡಿ ಸಾಕಿತ್ತು, ಉಳಿದ ಹಲ್ಲಿಗೂ ವಿದಾಯ.
ಬಲಕ್ಕೆ ಹೊರಳಿಸಿದೆ: ಸುಮ್ಮನಿದ್ದ.
ಎಡಕ್ಕೆ ಹೊರಳಿಸಿದೆ: ಹುಬ್ಬು ಹಾರಿತು.
ಇನ್ನೊಮ್ಮೆ ಎಂದು ಬೆರಳು ಸುತ್ತಿದ.
‘ಕಿವಿ ಸುಳ್ಳು ಹೇಳಬಹುದು, ದವಡೆ ಹೇಳುವುದಿಲ್ಲ.
ಎಡಕ್ಕೆ ತಿರುಗಿದರೆ ಭಾರ ಬೀಳುವುದು ಬಲಕ್ಕೆ.
ಮುಂದಿನ ಗಾಲಿ. ನಿಲ್ಲಿಸು.’

ಜ್ಯಾಕ್ ಏರಿತು. ಗಾಲಿಯ ತಲೆಯನ್ನೂ ಬುಡವನ್ನೂ ಹಿಡಿದು
ಹಾಲುಹಲ್ಲು ಅಲ್ಲಾಡಿಸುವ ಹಾಗೆ ಅಲ್ಲಾಡಿಸಿದ.
ಚೂರೇ ಚೂರು ಸಡಿಲ.
‘ಬೇರಿಂಗಿಗೆ ವಯಸ್ಸಾಗಿದೆ.
ಆದರೆ ಇಷ್ಟು ಕೂಗುವ ವಯಸ್ಸಲ್ಲ.’
ಗಾಲಿ ಬಿಚ್ಚಿದ. ಡಿಸ್ಕಿಗೂ
ಅದರ ಬೆನ್ನಿನ ತೆಳ್ಳನೆ ತಗಡಿಗೂ ನಡುವೆ
ಬೆರಳು ತೂರದ ಸಂದು.
ತಗಡನ್ನು ಎರಡು ಬೆರಳಲ್ಲಿ ಬಾಗಿಸಿದ.

ಟಣ್.

ಅವರೆಕಾಳಿಗಿಂತ ಚಿಕ್ಕದು, ಹಸಿರು ಕಲ್ಲು.
ಒಂದು ಮಗ್ಗುಲು ಹೊಳೆಯದ್ದು, ಒರಟು;
ಇನ್ನೊಂದನ್ನು ನನ್ನ ಗಾಡಿಯೇ ಸವೆಸಿ ಕನ್ನಡಿ ಮಾಡಿತ್ತು.
ರಿಯೋನಿ! ಏಪ್ರಿಲ್ಲಿನಲ್ಲಿ ಸೇತುವೆ ಕೊಚ್ಚಿಹೋದಾಗ
ನೀರಿಗೇ ಇಳಿಸಿ ದಾಟಿದ್ದೆ.
ಅವತ್ತು ಅತ್ತೆ ಮೊದಲ ಬಾರಿ
ದೇವರನ್ನು ಬಿಟ್ಟು ನನ್ನನ್ನು ಬೇಡಿಕೊಂಡಿದ್ದರು.

ದುಡ್ಡು ಮುಟ್ಟಲಿಲ್ಲ ಜುಂಬೆರ್.
ಕಹಿಜೇನಿನ ಒಂದು ಡಬ್ಬಿ, ಅದೂ ಚಿಕ್ಕದು ಸಾಕೆಂದ.
ಕಲ್ಲನ್ನು ಬೂದಿ ಡಬ್ಬದೊಳಗೆ ಹಾಕಿಕೊಂಡೆ.

ಮರಳುವಾಗ ಎಡದ ತಿರುವುಗಳನ್ನೆಲ್ಲ
ಬೇಕೆಂದೇ ಜೋರಾಗಿ ತೆಗೆದುಕೊಂಡೆ.
ಒಂದು, ಎರಡು, ನೋದರನ ಒಲೆಯ ಮುಂದಿನದು ಮೂರು.
ಎಷ್ಟು ಸದ್ದಿಲ್ಲವೆಂದರೆ, ಅತ್ತೆಯ ಉಸಿರು ಕೇಳುತ್ತಿತ್ತು,
ಮಡಿಲಲ್ಲಿ ಕಾಗದದ ಸರಬರ,
ಮತ್ತೆ, ಅದೆಲ್ಲದರ ಕೆಳಗೆ, ಬಲು ಕೆಳಗೆ,
ಮುದಿಬೆಕ್ಕು ಗೊರಗುಟ್ಟುವ ಹಾಗೆ
ಏನೋ.

ಅತ್ತೆ ರಸ್ತೆಯಿಂದ ಕಣ್ಣು ತೆಗೆಯದೆ ಅಂದರು:
‘ಹಾಂ. ನಾನು ಹೇಳಿದ್ದು ಇದನ್ನು.’