ಮಹಾಪ್ರಾಣ

ಏಡಿ ತಾ ಎಂದು ಕಳಿಸಿದರೆ
ಇದ್ದಿಲು ತಂದೆ.
ಏಳು ವರ್ಷ ನನಗಾಗ, ಶಾಲೆಗೆ ಹೊಸಬ.
ಅಜ್ಜಿ ಬಿ ಮ್ವನಕೊಂಬೊ
ತೆಂಗಿನ ಹಾಲು ಹಿಂಡುತ್ತಿದ್ದ ಕೈ ಹಾಗೇ ನಿಲ್ಲಿಸಿ
ಬುಟ್ಟಿಯೊಳಗೆ ಇಣುಕಿ
‘ಇದಕ್ಕೆ ಕಾಲೆಲ್ಲೋ?’ ಎಂದಳು.

ನಮ್ಮ ದ್ವೀಪದಲ್ಲಿ
ಕಾ ಎಂದರೆ ಇದ್ದಿಲು, ಖಾ ಎಂದರೆ ಏಡಿ.
ನಡುವೆ ಇರುವುದು ಒಂದು ಉಸಿರು, ಅಷ್ಟೆ.
ಆಚೆ ದಡದ ಮಾಸ್ತರು ಎರಡಕ್ಕೂ
ಒಂದೇ ಕಾಗುಣಿತ ಬರೆಸಿದ್ದರು.
ಉಸಿರಿಗೆ ಅಕ್ಷರವಿರಲಿಲ್ಲ,
ಪರೀಕ್ಷೆಯಲ್ಲಿ ಅಂಕವೂ.

ಅಜ್ಜಿ ಒದ್ದೆ ಅಂಗೈ ತಂದು
ನನ್ನ ಬಾಯಿಗೆ ನಾಲ್ಕು ಬೆರಳು ದೂರದಲ್ಲಿ ಹಿಡಿದಳು.
ಹೇಳು.
ಕಾ.
‘ಇದ್ದಿಲು. ಇನ್ನೊಮ್ಮೆ.’
ಕಾ.
‘ಅದೂ ಇದ್ದಿಲೇ. ಮನೆ ಸುಡಬೇಕೆಂದಿದ್ದೀಯಾ?’
ಎಷ್ಟನೆಯ ಸಲವೋ, ಹೊಟ್ಟೆಯಿಂದ ಏನೋ ಹೊರಟು
ಅವಳ ಕೈಗೆ ತಾಗಿತು.
‘ಹ್ಞಾ! ಓಡಿತು ನೋಡು, ಹಿಡಿ ಹಿಡಿ!’
ಮಣೆಯಿಂದೆದ್ದು, ಸೆರಗು ಎತ್ತಿಕೊಂಡು
ಇಲ್ಲದ ಏಡಿಯ ಹಿಂದೆ ಅಂಗಳವೆಲ್ಲ ಓಡಿದೆವು.

ಆಮೇಲೊಂದು ವರ್ಷ ಯಂತ್ರ ಹೊತ್ತು
ಒಬ್ಬಳು ಬಂದಳು, ನಮ್ಮ ಮಾತು ತುಂಬಿಕೊಳ್ಳಲು.
ಹಿಂದೆ ಈ ಪದದ ಮುಂದೆ ಒಂದು ಮೂಗಿನ ಸ್ವರವಿತ್ತು,
ಸವೆದು ಸವೆದು ಉಸಿರಾಯಿತು ಎಂದಳು.
‘ಮೂಗು ಹೋದಮೇಲೂ ಉಸಿರಾಡುತ್ತಿದೆಯೇ?
ಗಟ್ಟಿ ಜೀವ’ ಎಂದಳು ಅಜ್ಜಿ,
ಅವಳಿಗೊಂದು ಎಳನೀರು ಕೆತ್ತುತ್ತಾ.

ನನ್ನ ಸರದಿ ಬಂದಾಗ ಬಾಬಾ ಎನ್ನಿಸಿದಳು.
ನಮ್ಮ ಬ ಬೇರೆ ತರಹ: ಗಾಳಿ ಹೊರಡುವುದಿಲ್ಲ,
ಗುಟುಕಿನಂತೆ ಒಳಕ್ಕೆ ಹೋಗುತ್ತದೆ.
ಮೊಂಬಾಸಾದಿಂದ ಹಡಗು ಹತ್ತಿದ ಅಪ್ಪನನ್ನು
ನಾವು ಎರಡೆರಡು ಸಲ ನುಂಗಿ ಕರೆಯುವುದು.
ಇದನ್ನು ಯಂತ್ರಕ್ಕೆ ಹೇಳಲಿಲ್ಲ.
ಚೆನ್ನಾಗಿ ಬಂತು, ಮತ್ತೊಮ್ಮೆ, ಎಂದಳು.
ಮತ್ತೊಮ್ಮೆ ಎಂದೆ.

ಈಗ ಲಿಮುರುವಿನಲ್ಲಿ
ಚಹಾ ಕಾರ್ಖಾನೆಯ ಗೇಟು ಕಾಯುತ್ತೇನೆ.
ಜುಲೈ. ಸ್ವೆಟರಿನ ಮೇಲೊಂದು ಸ್ವೆಟರು.
ಇಲ್ಲಿಯವರಿಗೆ ಏಡಿ ಗೊತ್ತಿಲ್ಲ,
ಎರಡು ಕಾ ಬೇಕಾಗಿಯೂ ಇಲ್ಲ.
ಬೆಳಗಿನ ಜಾವ ಗಥೋನಿ ಮೂಟೆ ಹೊತ್ತು ಬರುತ್ತಾಳೆ.
ಕಾ, ಎರಡು ಡಬ್ಬ, ಎನ್ನುತ್ತೇನೆ,
ಅಳೆದು ಸುರಿದು ಹೋಗುತ್ತಾಳೆ.

ಆಮೇಲೆ, ದಾರಿಯಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು
ಖಾ ಎನ್ನುತ್ತೇನೆ.
ಬಾಯಿಂದ ಬಿಳಿಯ ಆವಿ ಹೊರಬಿದ್ದು
ಒಂದು ಗಳಿಗೆ ಅಲ್ಲೇ ನಿಂತು
ಗೇಟಿನ ಸರಳುಗಳ ನಡುವೆ
ಅಡ್ಡಡ್ಡ ನಡೆದು ಹೋಗುತ್ತದೆ.